ಬಾಗಿಲು ಕಾಯುವ ಕೆಲಸ

ಸಿನಿಮಾಗಳೆಲ್ಲ ಹೊಡೆದಾಟದಿಂದಲೇ ಶುರುವಾಗುತ್ತವೆ ಎಂದು ನಾನು ಚಿಕ್ಕಂದಿನಲ್ಲಿ ಬಹಳ ವರ್ಷ ನಂಬಿದ್ದೆ. ಇದಕ್ಕೆ ಕಾರಣ ನಮ್ಮ ಸಿರವಾರದ ಟೆಂಟು ಟಾಕೀಜಿನ ಗೇಟಿನವನು. ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಊರ ಹೊರಗಿನ ಬಯಲಿನಲ್ಲಿ ಟೆಂಟು ಏಳುತ್ತಿತ್ತು. ಸಂಜೆಯಾದರೆ ಮೈಕಿನಲ್ಲಿ ಹಾಡು ಹಚ್ಚುತ್ತಿದ್ದರು. ಅಪ್ಪ ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವು ಐದು ಮಕ್ಕಳು. ಐವರಿಗೂ ಟಿಕೆಟ್ ಕೊಡಿಸುವುದೆಂದರೆ ಆಗದ ಮಾತು. ಹಾಗಾಗಿ ನಾವು ಟೆಂಟಿನ ಹೊರಗೆ ಮಣ್ಣಿನಲ್ಲಿ ಕುಳಿತು ಮೊದಲರ್ಧ ಸಿನಿಮಾವನ್ನು ಕಿವಿಯಿಂದ ನೋಡುತ್ತಿದ್ದೆವು. ಇಂಟರ್‌ವಲ್ ಆದ ಮೇಲೆ ಗೇಟಿನವನು ತಟ್ಟಿನ ಪರದೆ ಸರಿಸಿ, 'ಬರ್ರಿ, ಲಗೂನ ಬರ್ರಿ' ಎಂದು ಒಳಗೆ ಬಿಡುತ್ತಿದ್ದ. ನಾವು ಹೋಗಿ ಕೂರುವಷ್ಟರಲ್ಲಿ ನಾಯಕನಿಗೆ ಸಿಟ್ಟು ಬಂದುಬಿಟ್ಟಿರುತ್ತಿತ್ತು. ಅವನಿಗೆ ಏಕೆ ಸಿಟ್ಟು ಬಂತೆಂಬುದು ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಆ ಗೇಟಿನವನಿಗೆ ಅವನದೇ ಒಂದು ಲೆಕ್ಕವಿತ್ತು. ಗೌಡರ ಮನೆಯ ಹುಡುಗರು ಟಿಕೆಟ್ ಇಲ್ಲದಿದ್ದರೂ ಮೊದಲಿನಿಂದಲೇ ಒಳಗೆ. ನಮ್ಮಂಥವರು ಇಂಟರ್‌ವಲ್ ಆದ ಮೇಲೆ. ಕೇರಿಯ ಹುಡುಗರು ನಮ್ಮ ಹಿಂದೆ ನಿಲ್ಲುತ್ತಿದ್ದರು. ನಾವು ಒಳಗೆ ಹೋದ ಮೇಲೆ ಪರದೆ ಮತ್ತೆ ಬೀಳುತ್ತಿತ್ತು. ಅವರೇನು ಮಾಡುತ್ತಿದ್ದರೆಂದು ನಾನು ಹಿಂದೆ ತಿರುಗಿ ನೋಡಿದ ನೆನಪಿಲ್ಲ. ನನ್ನ ಕಣ್ಣು ಪರದೆಯ ಮೇಲಿತ್ತು. ಒಳಗೆ ಹೋದವರಿಗೆ ಹೊರಗಿನವರ ನೆನಪು ಉಳಿಯುವುದು ಅಪರೂಪ.

ಈ ಗೇಟಿನವನು ಇಷ್ಟು ವರ್ಷಗಳ ಮೇಲೆ ಮತ್ತೆ ನೆನಪಾಗಿದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಹೋದ ವರ್ಷ ದೀಪಾವಳಿ ಮುಗಿದ ವಾರ, ನಾನು ಅಂಗಳದಲ್ಲಿ ಒಣ ಬಟ್ಟೆ ತೆಗೆಯುತ್ತಿದ್ದಾಗ 'ಅಕ್ಕೋರೆ' ಎಂದು ಕೂಗುತ್ತ ಬಂದಳು. ಹದಿನೇಳು ವರ್ಷದ ಹಿಂದೆ ನನ್ನ ಕೈಯಲ್ಲಿ ಎಂಟನೆಯ ತರಗತಿ ಓದಿದ ಹುಡುಗಿ. ಅವರದು ವರ್ಷದಲ್ಲಿ ಮೂರು ತಿಂಗಳು ಗುಳೆ ಹೋಗುವ ಮನೆ. ತಂದೆ ತಾಯಿ ಬೆಂಗಳೂರಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವಾಗ ಇವಳು ಅಜ್ಜಿಯ ಜೊತೆ ಊರಲ್ಲಿದ್ದು ಶಾಲೆಗೆ ಬರುತ್ತಿದ್ದಳು. ಹೇಗೋ ಬಿ.ಎ. ಮುಗಿಸಿ, ಬೆಂಗಳೂರು ಸೇರಿ, ಒಂದು ಎಡಿಟಿಂಗ್ ಸ್ಟುಡಿಯೋದಲ್ಲಿ ಕೆಲಸ ಕಲಿತು, ಈಗ ಒಂದು ಸಿನಿಮಾ ಮಾಡುತ್ತೇನೆ ಎಂದು ಬಂದಿದ್ದಳು.

ಯಾವುದರ ಮೇಲವ್ವ ಎಂದೆ. 'ನಮ್ಮವ್ವನ ಮ್ಯಾಲ್ರಿ' ಎಂದಳು.

ಅವಳ ತಾಯಿ ಗುಳೆ ಹೋಗದ ದಿನಗಳಲ್ಲಿ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುತ್ತಾಳೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದು ಹೊಸದಲ್ಲ. ದಿನವಿಡೀ ಕಾಯಿ ಬಿಡಿಸಿದ ಕೈ ರಾತ್ರಿಯೆಲ್ಲ ಉರಿಯುತ್ತದೆ. ಎಷ್ಟು ತೊಳೆದರೂ ಘಾಟು ಹೋಗುವುದಿಲ್ಲ. ಕೂಸಿದ್ದ ತಾಯಂದಿರು ಆ ಕೈಯಿಂದ ಕೂಸಿನ ಮುಖ ಮುಟ್ಟುವಂತಿಲ್ಲ. 'ನಾ ಸಣ್ಣಾಕಿದ್ದಾಗ ನಮ್ಮವ್ವ ನನ್ನ ಗಲ್ಲ ಮುಟ್ಟತಿದ್ದಿಲ್ಲ ಅಕ್ಕೋರೆ. ಮೊಣಕೈಲೆ ಎತ್ತಿಕೊಳ್ತಿದ್ಲು. ಸಿಟ್ಟೈತೇನೋ ಅಂತ ತಿಳಕೊಂಡಿದ್ದೆ' ಎಂದಳು. ಮೂವತ್ತು ವರ್ಷ ಪಾಠ ಮಾಡಿದ ನನಗೆ ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ಒಳಗೆ ಹೋಗಿ ಚಹಾ ಇಟ್ಟೆ.

ಅವಳು ಚಿತ್ರ ಮಾಡಿದಳು. ರಾಯಚೂರಿನಲ್ಲಿ ಮದುವೆ ಶೂಟಿಂಗ್ ಮಾಡುವ ಹುಡುಗರಿಂದ ಕ್ಯಾಮೆರಾ ಬಾಡಿಗೆಗೆ ತಂದು, ಹನ್ನೊಂದು ದಿನ ಹೊಲ, ಓಣಿ, ಬಸ್ ಸ್ಟ್ಯಾಂಡುಗಳಲ್ಲಿ ಚಿತ್ರೀಕರಣ ನಡೆಸಿದಳು. ನಟಿಸಿದವರು ಓಣಿಯ ಹೆಂಗಸರೇ. ಖರ್ಚು ನಾಲ್ಕೂವರೆ ಲಕ್ಷ. ಅದರಲ್ಲಿ ಅವಳ ಉಳಿತಾಯವಿತ್ತು, ತಾಯಿಯ ಬೋರಮಳ ಸರವಿತ್ತು, ನಮ್ಮವರಿಗೆ ಹೇಳದೆ ಪೋಸ್ಟಾಫೀಸಿನಿಂದ ತೆಗೆದುಕೊಟ್ಟ ನನ್ನ ಐವತ್ತು ಸಾವಿರವೂ ಇತ್ತು. ಚಿತ್ರ ಮುಕ್ಕಾಲು ಪಾಲು ಮುಗಿಯಿತು. ಧ್ವನಿಯ ಕೆಲಸಕ್ಕೆ, ಬಣ್ಣ ತಿದ್ದುವುದಕ್ಕೆ, ಸೆನ್ಸಾರಿಗೆ ದುಡ್ಡಿಲ್ಲ. ಆಗ ನಾನೇ ಅವಳಿಗೆ, 'ಸರಕಾರ ಸಬ್ಸಿಡಿ ಕೊಡ್ತದಲ್ಲವ್ವ, ಹೋಗಿ ಕೇಳು' ಎಂದೆ. ಮೇಷ್ಟ್ರುಗಳಿಗೆ ಸರಕಾರದ ಮೇಲೆ ಒಂದು ನಂಬಿಕೆ ಇರುತ್ತದೆ. ಸಂಬಳ ಅಲ್ಲಿಂದಲೇ ಬರುತ್ತದಲ್ಲ!

ನನ್ನ ನಂಬಿಕೆಗೆ ಬೇರೆ ಕಾರಣವೂ ಇತ್ತು. ರಾಯಚೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಬಿ.ಎ. ಓದುತ್ತಿದ್ದಾಗ ಅವರ ಕಪ್ಪುಬಿಳುಪು ಟೀವಿಯಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನದವರು ಒಂದೊಂದು ಭಾಷೆಯ ಪ್ರಶಸ್ತಿ ಬಂದ ಚಿತ್ರ ತೋರಿಸುತ್ತಿದ್ದರು. ಬಂಗಾಳಿ, ಮಲಯಾಳಂ, ಅಸ್ಸಾಮಿ ಎಲ್ಲವನ್ನೂ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಅರ್ಧಂಬರ್ಧ ಓದುತ್ತ ನೋಡಿದೆ. ಒಂದು ಭಾನುವಾರ ಗಿರೀಶ ಕಾಸರವಳ್ಳಿಯವರ 'ತಬರನ ಕಥೆ' ಬಂತು. ತೇಜಸ್ವಿಯವರ ಕತೆಯಿಂದ 1986ರಲ್ಲಿ ತೆಗೆದ ಚಿತ್ರ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ, ಇತ್ತ ಮನೆಯಲ್ಲಿ ಹೆಂಡತಿಯ ಕಾಲಿನ ಗಾಯ. ಚಿಕ್ಕಪ್ಪ ತಾಲ್ಲೂಕು ಕಚೇರಿಯ ನೌಕರರು. ಚಿತ್ರ ಮುಗಿದ ಮೇಲೆ ಊಟಕ್ಕೆ ಏಳಲೇ ಇಲ್ಲ. ಟಿಕೆಟ್ಟಿನ ಗಲ್ಲಾಪೆಟ್ಟಿಗೆಯೊಂದನ್ನೇ ನಂಬಿದ್ದರೆ ಅಂಥ ಚಿತ್ರ ರಾಯಚೂರಿನ ಒಂದು ಪಡಸಾಲೆಗೆ ಎಂದೂ ಬರುತ್ತಿರಲಿಲ್ಲ.

ಈ ದೇಶದಲ್ಲಿ ಸಿನಿಮಾಕ್ಕೆ ಸರಕಾರದ ಹಣ ಬೇಕು ಎಂಬ ಮಾತು ಹಳೆಯದು. ಎಸ್.ಕೆ. ಪಾಟೀಲರ ಅಧ್ಯಕ್ಷತೆಯ ಸಮಿತಿ 1951ರಲ್ಲಿ ಕೊಟ್ಟ ವರದಿಯಲ್ಲೇ ಅದು ಬಂದಿತ್ತು. ಅದರಂತೆ 1960ರಲ್ಲಿ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಹುಟ್ಟಿತು. ಮೃಣಾಲ್ ಸೇನ್ ಅವರ 'ಭುವನ್ ಶೋಮ್', ಮಣಿ ಕೌಲ್ ಅವರ 'ಉಸ್ಕಿ ರೋಟಿ' ಅದರ ಸಾಲದಿಂದ ಆದವು. ಮುಂದೆ 1980ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿಕೊಂಡಿತು. ಚಿತ್ರಕಥೆ ನೋಡಿ, ತೆಗೆಯುವವರ ಮೇಲೆ ಒಂದಿಷ್ಟು ವಿಶ್ವಾಸವಿಟ್ಟು, ಚಿತ್ರ ಆಗುವ ಮೊದಲೇ ಹಣ ಕೊಡುವ ಪದ್ಧತಿ ಅದು. ಫ್ರಾನ್ಸಿನಲ್ಲಿಯೂ 1959ರಿಂದ ಹೀಗೇ ಮುಂಗಡ ಕೊಡುತ್ತಾರೆ. ಚಿತ್ರ ಗೆದ್ದರೆ ಹಣ ವಾಪಸು, ಸೋತರೆ ಹೋಯಿತು. ಅದಕ್ಕೆ ಬೇಕಾದ ಹಣದ ಒಂದು ಪಾಲು ಸಿನಿಮಾ ಟಿಕೆಟ್ಟಿನ ಮೇಲಿನ ತೆರಿಗೆಯಿಂದಲೇ ಬರುತ್ತದೆ. ಕುಣಿತದ ಚಿತ್ರ ನೋಡಿದವನ ದುಡ್ಡಿನಲ್ಲಿ ಒಂದು ಪಾಲು ತಬರನಂಥವನಿಗೆ ಹೋಗುತ್ತದೆ ಅನ್ನಿ.

ನಮ್ಮ ಕರ್ನಾಟಕದ ಸಹಾಯಧನ ಬೇರೆ ತೆರನದು. ಅದು ಚಿತ್ರ ಮುಗಿದ ಮೇಲೆ ಸಿಗುವ ಹಣ. ಚಿತ್ರ ತಯಾರಾಗಬೇಕು, ಸೆನ್ಸಾರ್ ಪ್ರಮಾಣಪತ್ರ ಬರಬೇಕು, ಆಮೇಲೆ ಅರ್ಜಿ. ಸರಕಾರ ನೇಮಿಸಿದ ಆಯ್ಕೆ ಸಮಿತಿಯವರು ಚಿತ್ರಗಳನ್ನು ನೋಡಿ ಪಟ್ಟಿ ಮಾಡುತ್ತಾರೆ. ಸಾಮಾನ್ಯವಾಗಿ ಒಂದು ಚಿತ್ರಕ್ಕೆ 10 ಲಕ್ಷ ರೂಪಾಯಿ ಎಂದು ಇಟ್ಟುಕೊಂಡು ಬಂದಿದ್ದಾರೆ. ಮಕ್ಕಳ ಚಿತ್ರ, ಸಾಹಿತ್ಯ ಕೃತಿ ಆಧರಿಸಿದ ಚಿತ್ರಗಳಿಗೆ ಬೇರೆ ಲೆಕ್ಕ. ವರ್ಷಕ್ಕೆ 100 ಚಿತ್ರಗಳಿಗೆ ಇದ್ದದ್ದನ್ನು 2017ರ ಬಜೆಟ್ಟಿನಲ್ಲಿ 125ಕ್ಕೆ ಏರಿಸಿದರು. ಅದನ್ನು 200 ಮಾಡುವುದಾಗಿ 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಘೋಷಿಸಿದರು. ಈ ಹಣ ಎಷ್ಟೋ ಒಳ್ಳೆಯ ಕನ್ನಡ ಚಿತ್ರಗಳ ಜೀವ ಉಳಿಸಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಬರುವುದು ಮಾತ್ರ ತಡ. ಪ್ರಶಸ್ತಿಯ ಕತೆಯೂ ಅದೇ. 2019ನೆಯ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಹೊರಬಿದ್ದದ್ದು 2025ರ ಜನವರಿಯಲ್ಲಿ. ಸಾಲ ಮಾಡಿ ಚಿತ್ರ ತೆಗೆದವನ ಬಡ್ಡಿ ಅಷ್ಟು ವರ್ಷ ಸುಮ್ಮನೆ ಕುಳಿತಿರುತ್ತದೆಯೇ?

ಹುಡುಗಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದಳು. ನಾನೂರು ಕಿಲೋಮೀಟರಿನ ಹಾದಿ. ಯಾವ ಕಚೇರಿ, ಯಾರು ಎಂದು ಇಲ್ಲಿ ಹೇಳುವುದಿಲ್ಲ. ಅಲ್ಲಿಯವರು ಕೆಟ್ಟವರೂ ಅಲ್ಲ. ಊರು ಯಾವುದಮ್ಮ ಎಂದು ಕೇಳಿದರಂತೆ. ಸಿರವಾರ ಎಂದಳು. ಅದೆಲ್ಲಿ ಬರುತ್ತೆ ಎಂದರು. ಹಿಂದೆ ಮಾನ್ವಿ ತಾಲ್ಲೂಕಿನಲ್ಲಿತ್ತು, ಈಗ ನಮ್ಮದೇ ತಾಲ್ಲೂಕು, ರಾಯಚೂರು ಜಿಲ್ಲೆ ಎಂದಳು. 'ಓ, ಅಷ್ಟು ದೂರದಿಂದ ಬಂದ್ರಾ' ಎಂದು ಕನಿಕರದಿಂದ ನೀರು ಕೊಟ್ಟರು. ಚಿತ್ರ ಇನ್ನೂ ಮುಗಿದಿಲ್ಲ, ಮುಗಿಸುವುದಕ್ಕೇ ಸಹಾಯ ಬೇಕು ಎಂದಾಗ, 'ಅದಕ್ಕೆ ನಮ್ಮಲ್ಲಿ ಅವಕಾಶ ಇಲ್ಲಮ್ಮ. ಮುಗಿಸ್ಕೊಂಡು ಬನ್ನಿ, ಆಮೇಲೆ ನೋಡೋಣ' ಎಂದರು. ನಿಯಮದ ಪ್ರಕಾರ ಅವರ ಮಾತು ಸರಿ. ತಪ್ಪಿದ್ದರೆ ಅದು ನಿಯಮದಲ್ಲಿಯೇ ಇದೆ.

ಅವಳು ಬಂದು ಇದನ್ನು ಹೇಳಿದಾಗ ನನಗೆ ಥಟ್ಟನೆ ಬಿಸಿಯೂಟ ನೆನಪಾಯಿತು. ಕರ್ನಾಟಕದಲ್ಲಿ ಶಾಲೆಯ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ರಾಯಚೂರೂ ಅದರಲ್ಲಿತ್ತು. ಆಗ ನಮ್ಮ ಶಿಕ್ಷಕರ ಕೋಣೆಯಲ್ಲಿಯೇ ಗೊಣಗಿದವರಿದ್ದರು. ಶಾಲೆ ಎಂದರೆ ಛತ್ರವೇ, ಊಟಕ್ಕೆ ಬರುವ ಮಕ್ಕಳಿಗೆ ಅಕ್ಷರ ಹತ್ತುತ್ತದೆಯೇ ಎಂದರು. ಒಂದು ವರ್ಷದೊಳಗೆ ಹಾಜರಿ ಪುಸ್ತಕವೇ ಉತ್ತರ ಹೇಳಿತು. ಮಧ್ಯಾಹ್ನ ಮಂಪರಿನಲ್ಲಿ ಗೋಡೆಗೆ ಒರಗುತ್ತಿದ್ದ ಮಕ್ಕಳು ಕೈ ಎತ್ತಿ ಪ್ರಶ್ನೆ ಕೇಳತೊಡಗಿದರು. ಈಗ ಯೋಚಿಸಿ: 'ಪರೀಕ್ಷೆಯಲ್ಲಿ ಪಾಸಾದ ಮಕ್ಕಳಿಗೆ ಮಾತ್ರ, ಫಲಿತಾಂಶ ಬಂದು ಮೂರು ವರ್ಷದ ಮೇಲೆ ಊಟ' ಎಂದು ಸರಕಾರ ಆಗ ಹೇಳಿದ್ದರೆ ಹೇಗಿರುತ್ತಿತ್ತು? ಮನೆಯಲ್ಲಿ ಉಂಡು ಬಂದ ಮಕ್ಕಳೇ ಪಾಸಾಗಿ, ಅವರೇ ಎರಡನೆಯ ಸಲ ಉಣ್ಣುತ್ತಿದ್ದರು. ಮುಗಿದ ಚಿತ್ರಕ್ಕೆ ಕೊಡುವ ಸಹಾಯಧನದ ಗುಣ ಇದು. ದುಡ್ಡಿದ್ದವನ ಹೊರೆಯನ್ನು ಅದು ಕಡಿಮೆ ಮಾಡುತ್ತದೆ. ದುಡ್ಡಿಲ್ಲದವಳನ್ನು ಅದು ನೋಡುವುದೇ ಇಲ್ಲ. ಅವಳ ಅರ್ಜಿಯನ್ನು ಯಾರೂ ತಿರಸ್ಕರಿಸುವುದಿಲ್ಲ. ಅವಳ ಅರ್ಜಿ ಹುಟ್ಟುವುದೇ ಇಲ್ಲ.

ಜನರಿಂದ ಕೂಡಿಸಬಾರದೇ ಎಂದು ನೀವು ಕೇಳಬಹುದು. ಪವನ್ ಕುಮಾರ್ ಎಂಬ ನಿರ್ದೇಶಕರು 2013ರ 'ಲೂಸಿಯಾ' ಚಿತ್ರಕ್ಕೆ ಹಾಗೆ ನೂರಕ್ಕೂ ಹೆಚ್ಚು ಮಂದಿಯಿಂದ ಸುಮಾರು 50 ಲಕ್ಷ ಕೂಡಿಸಿದ್ದರು. ಸಂತೋಷದ ವಿಷಯ. ಆದರೆ ಅವರು ಅಷ್ಟರಲ್ಲಿ ಚಿತ್ರರಂಗದಲ್ಲಿ ಹೆಸರಾಗಿದ್ದವರು. ನಮ್ಮ ಹುಡುಗಿಗೆ ಗೊತ್ತಿರುವ ನೂರು ಮಂದಿ ಎಂದರೆ ಮೆಣಸಿನಕಾಯಿ ಬಿಡಿಸುವವರು.

ನಮ್ಮ ಕಡೆಯವರಿಗೆ ಇದನ್ನು ಕಾಲುವೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಟೇಲೆಂಡಿನವರು ನಾವು. ಕಾಗದದ ಮೇಲೆ ಮಾನ್ವಿ, ಸಿರವಾರದ ಹೊಲಗಳಿಗೂ ನೀರಿನ ಹಕ್ಕುಂಟು. ಆದರೆ ಮೇಲಿನವರ ಗದ್ದೆ ತುಂಬಿದ ಮೇಲೆ ಉಳಿದದ್ದು ನಮಗೆ. ಗೇಜು ಇಳಿದಾಗಲೆಲ್ಲ ರೈತರು ರಸ್ತೆಗೆ ಇಳಿಯುತ್ತಾರೆ. ಆಣೆಕಟ್ಟೆಯಲ್ಲಿ ನೀರಿಲ್ಲವೆಂದಲ್ಲ. ನಡುವೆ ಬಾಗಿಲುಗಳು ಬಹಳ. ಸಂವಿಧಾನಕ್ಕೆ 371ಜೆ ಸೇರಿ 2013ರಿಂದ ನಮ್ಮ ಮಕ್ಕಳಿಗೆ ಕಾಲೇಜಿನ ಸೀಟಿನಲ್ಲಿ, ಸರಕಾರಿ ನೌಕರಿಯಲ್ಲಿ ಪಾಲು ಸಿಕ್ಕಿತು. ನನ್ನ ವಿದ್ಯಾರ್ಥಿಗಳಲ್ಲಿಯೇ ಇಬ್ಬರು ಅದರಿಂದ ಡಾಕ್ಟರಾಗಿದ್ದಾರೆ. ಕತೆ ಹೇಳುವುದಕ್ಕೂ ಪಾಲು ಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. 2025ರ ಮಾರ್ಚಿನ ಬಜೆಟ್ಟಿನಲ್ಲಿ ಸಿನಿಮಾಕ್ಕೆ ಉದ್ಯಮದ ಸ್ಥಾನ, ಮೈಸೂರಿನ ಚಿತ್ರನಗರಿ, ಸರಕಾರದ್ದೇ ಒಂದು ಓಟಿಟಿ ಎಂದು ಬಹಳ ಮಾತು ಬಂತು. ಎಲ್ಲ ಒಳ್ಳೆಯದೇ. ಆದರೆ ಮೈಸೂರಿನ ಚಿತ್ರನಗರಿಯಿಂದ ದೇವದುರ್ಗಕ್ಕೆ ಬಸ್ಸಿನಲ್ಲಿ ಒಂದು ಹಗಲೂ ಒಂದು ರಾತ್ರಿಯೂ ಹಿಡಿಯಬಹುದು.

ಬಾಗಿಲಿನವರು ಯಾರನ್ನು ಬಿಡುತ್ತಾರೆ ಎಂಬುದು ದುಡ್ಡಿನ ಮಾತಷ್ಟೇ ಅಲ್ಲ. 2022ರಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವದ ಹೊತ್ತಿಗೆ ಒಂದು ಗದ್ದಲವಾಯಿತು. ಶಿರಸಿ ಕಡೆಯ ನಟೇಶ್ ಹೆಗಡೆ ತೆಗೆದ 'ಪೆದ್ರೊ' ಚಿತ್ರ ಅದರ ಹಿಂದಿನ ವರ್ಷ ಕೊರಿಯಾದ ಬುಸಾನ್ ಉತ್ಸವದಲ್ಲಿ ತೋರಿತ್ತು. ನಮ್ಮ ಸರಕಾರದ ಉತ್ಸವಕ್ಕೆ ಅದು ಆಯ್ಕೆಯಾಗಲಿಲ್ಲ. ನಿರ್ಮಾಪಕ ರಿಷಬ್ ಶೆಟ್ಟಿ ಬಹಿರಂಗವಾಗಿಯೇ ಪ್ರಶ್ನೆ ಎತ್ತಿದರು. ಆಯ್ಕೆ ಎಂದ ಮೇಲೆ ಯಾರಾದರೂ ಹೊರಗುಳಿಯುವುದು ಸಹಜ. ಹೆಸರಾದ ನಟರ ಬೆಂಬಲವಿದ್ದ ಚಿತ್ರ ಹೊರಗುಳಿದರೆ ಪತ್ರಿಕೆಯಲ್ಲಿ ಬರುತ್ತದೆ. ಯಾರ ಬೆಂಬಲವೂ ಇಲ್ಲದ್ದು ಹೊರಗುಳಿದರೆ ಅದು ಹೊರಗಿತ್ತೆಂಬುದೂ ತಿಳಿಯುವುದಿಲ್ಲ.

ಹಾಗೆಂದು ನಮ್ಮ ಕಡೆಯ ಕತೆ ಸಿನಿಮಾಕ್ಕೆ ಹೋಗಿಯೇ ಇಲ್ಲವೆಂದಲ್ಲ. ನಮ್ಮ ಮಾನ್ವಿ ಸೀಮೆಯ ನುಗಡೋಣಿಯವರಾದ ಅಮರೇಶ ನುಗಡೋಣಿಯವರ 'ಸವಾರಿ' ಕತೆಯನ್ನು ಕಾಸರವಳ್ಳಿಯವರೇ 'ಕನಸೆಂಬ ಕುದುರೆಯನೇರಿ' ಎಂದು ಚಿತ್ರ ಮಾಡಿದರು. ಕುಣಿ ತೋಡುವ ಈರ್ಯಾನ ಪಾತ್ರಕ್ಕೆ ಬೀದರಿನ ವೈಜನಾಥ ಬಿರಾದಾರರನ್ನು ಹಾಕಿದರು. ವರ್ಷಗಟ್ಟಲೆ ಸಿನಿಮಾದವರು ಭಿಕ್ಷುಕನ, ಕುಡುಕನ ಎರಡು ನಿಮಿಷದ ಪಾತ್ರ ಕೊಟ್ಟು ಕಳಿಸುತ್ತಿದ್ದ ಆ ಮನುಷ್ಯ ಸ್ಪೇನಿನ ಚಿತ್ರೋತ್ಸವದಲ್ಲಿ ಉತ್ತಮ ನಟ ಎನ್ನಿಸಿಕೊಂಡು ಬಂದರು. ಅಂದರೆ ಪ್ರತಿಭೆ ಇಲ್ಲೇ ಇತ್ತು. ಬಾಗಿಲು ತೆಗೆಯುವವರೊಬ್ಬರು ಬೇಕಿತ್ತು. ಆದರೂ ನನಗೆ ಅಪ್ಪನ ಅಡತಿ ಅಂಗಡಿ ನೆನಪಾಗುತ್ತದೆ. ಹತ್ತಿ ನಮ್ಮದು, ಗಿರಣಿ ಬೇರೆಯವರದು. ಅಂಡಿಗೆ ಕಟ್ಟಿ ಲಾರಿಗೆ ಹೇರಿದ ಹತ್ತಿ ಬಟ್ಟೆಯಾಗಿ ವಾಪಸು ಬಂದಾಗ ನಾವು ದುಡ್ಡು ಕೊಟ್ಟು ಕೊಳ್ಳುತ್ತಿದ್ದೆವು. ಎಷ್ಟೇ ಒಳ್ಳೆಯ ನೇಕಾರ ನೇಯ್ದರೂ, ಒಂದು ಸಲವಾದರೂ ನಮ್ಮ ಕೈಯಿಂದಲೇ ನೇಯಬೇಕು ಎನ್ನುವ ಆಸೆ ಇರುತ್ತದಲ್ಲ.

ಆ ಆಸೆ ಒಮ್ಮೆ ತೀರಿತು. ರಾಯಚೂರು ಸೀಮೆಯ ಉತ್ಸವ್ ಗೋನವಾರ ಎಂಬ ತರುಣ 'ಫೋಟೊ' ಎಂಬ ಚಿತ್ರ ಮಾಡಿದ. ಪ್ರಕಾಶ್ ರಾಜ್ ಅವರ ಆಸರೆಯಿಂದ 2024ರ ಮಾರ್ಚಿನಲ್ಲಿ ಅದು ಥಿಯೇಟರಿಗೆ ಬಂತು. ನಮ್ಮ ಕಡೆಯ ಒಬ್ಬ ಹುಡುಗನಿಗೆ ಬೆಂಗಳೂರಿನ ವಿಧಾನಸೌಧದ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಳ್ಳುವ ಆಸೆ. ಅಪ್ಪ ಅಲ್ಲಿ ಕೂಲಿ. ಹುಡುಗ ಹೋಗುತ್ತಾನೆ, ಅಷ್ಟರಲ್ಲಿ ಕೊರೋನಾದ ಲಾಕ್‌ಡೌನ್ ಬೀಳುತ್ತದೆ, ಅಪ್ಪ ಮಗ ನಡೆದುಕೊಂಡು ಊರಿನ ಹಾದಿ ಹಿಡಿಯುತ್ತಾರೆ. 2020ರಲ್ಲಿ ಹಾಗೆ ನಡೆದು ಬಂದವರ ಮಕ್ಕಳು ನನ್ನ ತರಗತಿಯಲ್ಲಿದ್ದರು. ಅವರ ಕಾಲಿನ ಬೊಬ್ಬೆಯನ್ನು ನಾನು ನೋಡಿದ್ದೇನೆ. ಚಿತ್ರದಲ್ಲಿ ಜನ ಮಾತಾಡಿದ್ದು ನಮ್ಮ ಮಾತು. ಹಾಸ್ಯಕ್ಕಲ್ಲ, ಸುಮ್ಮನೆ ಬದುಕುವುದಕ್ಕೆ ಆಡುವ ಮಾತು. ಅರವತ್ತರ ಹತ್ತಿರ ಬಂದ ಮೇಲೆ ಮೊದಲ ಸಲ ನನ್ನ ಮನೆಯ ಮಾತನ್ನು ಪರದೆಯ ಮೇಲೆ ನಗದೆ ಕೇಳಿದೆ.

ಇದೇ ಹೊತ್ತಿಗೆ ಪಕ್ಕದ ಕೇರಳದಲ್ಲಿ ಒಂದು ಜಗಳವಾಯಿತು. ಅಲ್ಲಿಯ ಸರಕಾರ ತನ್ನ ಚಲನಚಿತ್ರ ಅಭಿವೃದ್ಧಿ ನಿಗಮದ ಮೂಲಕ ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ನಿರ್ದೇಶಿಸುವ ಚಿತ್ರಗಳಿಗೆ ಒಂದೂವರೆ ಕೋಟಿ ರೂಪಾಯಿಯವರೆಗೆ ಕೊಡುತ್ತದೆ. ಚಿತ್ರಕಥೆ ನೋಡಿ, ಚಿತ್ರ ಆಗುವ ಮೊದಲು. 2025ರ ಆಗಸ್ಟಿನಲ್ಲಿ ತಿರುವನಂತಪುರದ ಚಿತ್ರನೀತಿಯ ಸಮಾವೇಶದಲ್ಲಿ ಹಿರಿಯ ನಿರ್ದೇಶಕ ಅಡೂರು ಗೋಪಾಲಕೃಷ್ಣನ್, ಹೀಗೆ ಪಡೆಯುವವರಿಗೆ ಮೊದಲು ಮೂರು ತಿಂಗಳಾದರೂ ತರಬೇತಿ ಕೊಡಬೇಕು, ಒಬ್ಬರಿಗೆ ಅಷ್ಟು ಹಣ ಹೆಚ್ಚಾಯಿತು, 50 ಲಕ್ಷದಂತೆ ಮೂವರಿಗೆ ಹಂಚಬೇಕು ಎಂದರು. ಸಭೆಯಲ್ಲಿಯೇ ಗಾಯಕಿ ಪುಷ್ಪವತಿ ಎದ್ದು ವಿರೋಧಿಸಿದರು. ರಾಜ್ಯವೆಲ್ಲ ಗದ್ದಲವಾಯಿತು.

ನಾನು ಇದನ್ನು ಬಹಳ ದಿನ ಯೋಚಿಸಿದೆ. ತರಬೇತಿ ಬೇಕು ಎಂಬ ಮಾತಿಗೆ ನಾನು ಹೇಗೆ ಇಲ್ಲ ಎನ್ನಲಿ? ನನ್ನ ಬಿ.ಎಡ್. ಎಂದರೆ ತರಬೇತಿಯೇ. ಸಾರ್ವಜನಿಕರ ದುಡ್ಡು ಪೋಲಾಗಬಾರದು ಎಂಬ ಕಾಳಜಿಯೂ ತಪ್ಪಲ್ಲ. ಆದರೆ ತರಬೇತಿ ಬೇಕಾದರೆ ಎಲ್ಲರಿಗೂ ಬೇಕು. ಅಪ್ಪನ ದುಡ್ಡಿನಲ್ಲಿ ಮೊದಲ ಚಿತ್ರ ತೆಗೆದು, ಆಮೇಲೆ ಸಹಾಯಧನಕ್ಕೆ ಅರ್ಜಿ ಹಾಕಿದ ಯಾವ ಹುಡುಗನಿಗಾದರೂ 'ಮೂರು ತಿಂಗಳು ಕಲಿತು ಬಾ' ಎಂದವರುಂಟೇ? ಇನ್ನೊಂದು ಮಾತು. ಅಡೂರರ ಮೊದಲ ಕಥಾಚಿತ್ರ 'ಸ್ವಯಂವರಂ' 1972ರಲ್ಲಿ ಆದದ್ದು ಅದೇ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಒಂದೂವರೆ ಲಕ್ಷ ರೂಪಾಯಿ ಸಾಲದ ಬಲದಿಂದ. ಪುಣೆಯಲ್ಲಿ ಕಲಿತವರು, ಯೋಗ್ಯರು, ನಿಜ. ಆದರೂ ಅವರು ಕಥಾಚಿತ್ರಕ್ಕೆ ಹೊಸಬರೇ. ಒಂದು ಸರಕಾರಿ ಸಂಸ್ಥೆ ಹೊಸಬರ ಮೇಲೆ ವಿಶ್ವಾಸವಿಟ್ಟಿತು, ಭಾರತೀಯ ಸಿನಿಮಾಕ್ಕೆ ಒಬ್ಬ ದೊಡ್ಡ ನಿರ್ದೇಶಕ ಸಿಕ್ಕರು. ಕೇರಳದ ಈ ಯೋಜನೆಯಲ್ಲಿ ಆದ ತಾರಾ ರಾಮಾನುಜನ್ ಅವರ 'ನಿಷಿದ್ಧೋ' ಕೂಡ ಅವರ ಮೊದಲ ಚಿತ್ರವೇ. ಅದಕ್ಕೆ ಆ ರಾಜ್ಯದ ಎರಡನೆಯ ಉತ್ತಮ ಚಿತ್ರದ ಗೌರವ ಬಂತು. ನಮ್ಮಲ್ಲಿಯೂ ಪ್ರೇಮಾ ಕಾರಂತರು 1983ರಲ್ಲಿ 'ಫಣಿಯಮ್ಮ' ಮಾಡಿದಾಗ ಹೆಣ್ಣು ನಿರ್ದೇಶಿಸುವುದು ಎಂದರೆ ಆಶ್ಚರ್ಯದ ಮಾತಾಗಿತ್ತು. ಅದಾಗಿ ನಲವತ್ತು ವರ್ಷ ದಾಟಿತು. ಇಂದಿಗೂ ಕನ್ನಡದ ಮಹಿಳಾ ನಿರ್ದೇಶಕರ ಹೆಸರು ಹೇಳಿ ಎಂದರೆ ನಾವು ಬೆರಳು ಮಡಿಚಿ ಎಣಿಸುತ್ತೇವೆ.

ಹೀಗೆ ಬೆಂಗಳೂರಿನವರನ್ನೂ ತಿರುವನಂತಪುರದವರನ್ನೂ ಬೈದು ನಾನು ಪ್ರಬಂಧ ಮುಗಿಸಬಹುದಿತ್ತು. ಹುಡುಗಿ ಬಿಡಲಿಲ್ಲ.

ಬೆಂಗಳೂರಿನಲ್ಲಿ ಅವಳ ಚಿತ್ರವನ್ನು ಹಿರಿಯರೊಬ್ಬರು ಹತ್ತು ನಿಮಿಷ ಲ್ಯಾಪ್‌ಟಾಪಿನಲ್ಲಿ ನೋಡಿದರಂತೆ. ವಿಷಯ ಚೆನ್ನಾಗಿದೆ ಎಂದರಂತೆ. ಆಮೇಲೆ, 'ಭಾಷೆ ಮಾತ್ರ ಸ್ವಲ್ಪ ತಿದ್ದಿಸಮ್ಮ. ಇದು ಎಲ್ಲರಿಗೂ ತಿಳಿಯೋಲ್ಲ. ಡಬ್ಬಿಂಗಿನಲ್ಲಿ ಸರಿ ಮಾಡಬಹುದು' ಎಂದರಂತೆ. ಇದನ್ನು ಕೇಳಿ ನನಗೆ ಮೈ ಉರಿಯಿತು. ನಮ್ಮ ಮಾತೇನು ರೋಗವೇ ಸರಿ ಮಾಡುವುದಕ್ಕೆ ಎಂದು ಜೋರಾಗಿಯೇ ಅಂದೆ. ಹುಡುಗಿ ನಕ್ಕಳು. 'ನೀವೂ ಹಂಗಽ ಅಂದಿದ್ರಿ ಅಕ್ಕೋರೆ. ನೆನಪೈತೇನ್ರಿ?' ಎಂದಳು.

ನೆನಪಿರಲಿಲ್ಲ. ಅವಳು ಹೇಳಿದ ಮೇಲೆ ಒಂದೊಂದಾಗಿ ಬಂತು. ಪ್ರತಿಭಾ ಕಾರಂಜಿ, ಕಥೆ ಹೇಳುವ ಸ್ಪರ್ಧೆ. ಕ್ಲಸ್ಟರ್ ಮಟ್ಟಕ್ಕೆ ಒಬ್ಬರನ್ನು ಆರಿಸುವ ತೀರ್ಪುಗಾರಳು ನಾನು. ಮುಂದೆ ಒಂದು ಹಾಳೆ: ಉಚ್ಚಾರಣೆಗೆ ಇಷ್ಟು ಅಂಕ, ಭಾಷಾ ಶುದ್ಧಿಗೆ ಇಷ್ಟು ಅಂಕ. ಈ ಹುಡುಗಿ ಎದ್ದು ತನ್ನ ಅಜ್ಜಿ ಹೇಳಿದ ಕತೆಯನ್ನು ಅಜ್ಜಿಯ ಹಾಗೆಯೇ ಹೇಳಿದಳು. ಮೊದಲು ಮಕ್ಕಳು ಕಿಸಕ್ಕೆಂದರು. ಆಮೇಲೆ ಕೋಣೆ ಗಪ್‌ಚಿಪ್ಪಾಯಿತು. ಕತೆ ಮುಗಿದಾಗ ಕಿಟಕಿಯ ಹೊರಗೆ ಅಡುಗೆಯವಳೂ ನಿಂತು ಕೇಳುತ್ತಿದ್ದಳು. ಆದರೂ ನಾನು ಮೊದಲ ಸ್ಥಾನ ಕೊಟ್ಟದ್ದು ಪುಸ್ತಕದ ಕತೆಯೊಂದನ್ನು ಬಾಯಿಪಾಠ ಮಾಡಿ, ಒಂದು ಅಕ್ಷರ ತಪ್ಪದೆ ಒಪ್ಪಿಸಿದ ಇನ್ನೊಬ್ಬ ಹುಡುಗಿಗೆ. ಇವಳ ಹೆಸರಿನ ಮುಂದೆ ಬರೆದೆ: 'ಭಾಷೆ ಗ್ರಾಮ್ಯ. ತಿದ್ದಿಕೊಳ್ಳಬೇಕು.'

ನಾನೇನು ದ್ವೇಷದಿಂದ ಬರೆದದ್ದಲ್ಲ. ಮುಂದಿನ ಸುತ್ತಿನಲ್ಲಿ ಜಿಲ್ಲೆಯವರು ನಗುತ್ತಾರೆ, ಹುಡುಗಿ ನೊಂದುಕೊಳ್ಳುತ್ತಾಳೆ ಎಂದು ಯೋಚಿಸಿದ್ದೆ. ಅವಳ ಒಳ್ಳೆಯದಕ್ಕೇ ಅವಳನ್ನು ತಡೆದೆ. ಬಾಗಿಲು ಕಾಯುವ ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೇನೋ. ಟೆಂಟಿನ ಗೇಟಿನವನೂ ಅಂದುಕೊಂಡಿದ್ದಾನು: ಕೇರಿಯ ಹುಡುಗರನ್ನು ಬಿಟ್ಟರೆ ಗೌಡರು ಬೈದಾರು, ಸುಮ್ಮನೆ ಯಾಕೆ ಗಲಾಟೆ. ನಾನು ಮಾಡಿದ್ದು ಅದನ್ನೇ, ಕೆಂಪು ಶಾಯಿಯಲ್ಲಿ.

'ಮತ್ತ ನನಗ ರೊಕ್ಕ ಕೇಳಾಕ ಯಾಕ ಬಂದಿ?' ಎಂದೆ. ಗಂಟಲು ಕಟ್ಟಿತ್ತು. 'ನೀವು ಅವತ್ತು ಕತಿ ಪೂರಾ ಕೇಳಿದ್ರಿ ಅಕ್ಕೋರೆ. ನಡುವಽ ಕೂಡ್ರು ಅನ್ನಲಿಲ್ಲ' ಎಂದಳು.

ಮುಂದೆ ಒಂದು ಶನಿವಾರ ರಾತ್ರಿ, ಹೆಡ್‌ಮಾಸ್ತರರ ಒಪ್ಪಿಗೆ ಪಡೆದು, ಶಾಲೆಯ ಪ್ರೊಜೆಕ್ಟರ್ ಇಟ್ಟುಕೊಂಡು ಶಾಲೆಯ ಹಿಂಗೋಡೆಯ ಮೇಲೆ ಆ ಅರೆಬರೆ ಚಿತ್ರವನ್ನು ತೋರಿಸಿದೆವು. ಗೇಟು ತೆಗೆದೇ ಇಟ್ಟಿದ್ದೆ. ಕೇರಿಯವರು, ಗೌಡರ ಓಣಿಯವರು, ಎಲ್ಲರೂ ಬಂದರು. ಧ್ವನಿ ಕೆಲವು ಕಡೆ ಗಾಳಿಯಲ್ಲಿ ಹಾರಿಹೋಗುತ್ತಿತ್ತು. ಅಲಾಯಿ ಹಬ್ಬದ ದೃಶ್ಯದಲ್ಲಿ ಒಬ್ಬ ಮುದುಕಿ ಹಾಡುವುದಿದೆ. ಅಲ್ಲಿ ಧ್ವನಿ ಪೂರ್ತಿ ನಿಂತೇಹೋಯಿತು. ಗೋಡೆಯ ಮೇಲೆ ಮುದುಕಿಯ ಬಾಯಿ ಮಾತ್ರ ಆಡುತ್ತಿತ್ತು. ಆಗ ಹಾಡಿದ ಮುದುಕಿಯೇ ಜನರ ನಡುವಿನಿಂದ ದನಿ ಎತ್ತಿದಳು. ಹಿಂದಿನಿಂದ ನಾಲ್ಕು ಹೆಂಗಸರು ಸೇರಿಕೊಂಡರು. ಹುಡುಗಿಯ ತಾಯಿ ಮುಂದಿನ ಸಾಲಿನಲ್ಲಿ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ಕುಳಿತಿದ್ದಳು. ಚಿತ್ರ ಮುಗಿದ ಮೇಲೆ ನನ್ನ ಹತ್ತಿರ ಬಂದು, 'ಅಕ್ಕೋರ, ಇದು ಸರಕಾರದವರು ನೋಡ್ಯಾರೇನ್ರಿ?' ಎಂದು ಕೇಳಿದಳು. ಇನ್ನೂ ಇಲ್ಲವ್ವ ಎಂದೆ. 'ನೋಡ್ಲಿ. ಕೈ ಹೆಂಗ ಉರಿತಾವ ಅಂತ ಅವರಿಗೂ ಗೊತ್ತಾಗ್ಲಿ' ಎಂದಳು.

ಸರಕಾರದಿಂದ ನಾನು ದೊಡ್ಡದೇನೂ ಕೇಳುತ್ತಿಲ್ಲ. ಮುಗಿದ ಚಿತ್ರಗಳಿಗೆ ಕೊಡುವುದನ್ನು ಕೊಡಿ. ಅದರಲ್ಲಿ ಸ್ವಲ್ಪ ಪಾಲನ್ನು ಇನ್ನೂ ಆಗದ ಚಿತ್ರಗಳಿಗೆ, ಚಿತ್ರಕಥೆ ಓದಿ, ಕಂತಿನಲ್ಲಿ ಕೊಡಿ. ಆಯ್ಕೆ ಮಾಡುವವರಲ್ಲಿ ಬೀದರ್, ಕಲಬುರಗಿ, ರಾಯಚೂರಿನ ಮಾತು ತಿಳಿದವರು ಇರಲಿ. ಹೆಣ್ಣುಮಕ್ಕಳು ಇರಲಿ. ಕೇರಿಯಿಂದ ಬಂದವರು ಇರಲಿ. ವರ್ಷಕ್ಕೊಮ್ಮೆ ಆ ಸಮಿತಿ ಕಲಬುರಗಿಗೋ ರಾಯಚೂರಿಗೋ ಬಂದು ಕುಳಿತು ಅರ್ಜಿ ಹಾಕಿದವರ ಮಾತು ಕೇಳಲಿ. ಯಾರಿಗೆ ಏಕೆ ಕೊಡಲಿಲ್ಲ ಎಂಬುದನ್ನು ಎರಡು ಸಾಲು ಬರೆದು ಕಳಿಸಲಿ. ಫೇಲಾದ ಮಕ್ಕಳಿಗೆ ನಾವು ಉತ್ತರ ಪತ್ರಿಕೆ ತೋರಿಸುವುದಿಲ್ಲವೇ, ಹಾಗೆ.

ಹುಡುಗಿ ಮತ್ತೆ ಬೆಂಗಳೂರಿಗೆ ಹೋಗಿ ಸ್ಟುಡಿಯೋದ ಕೆಲಸಕ್ಕೆ ಸೇರಿದ್ದಾಳೆ. ತಿಂಗಳಿಗೆ ಇಷ್ಟೆಂದು ಕೂಡಿಡುತ್ತಿದ್ದಾಳೆ. ಬೋರಮಳ ಇನ್ನೂ ಸೇಠ್‌ನ ಅಂಗಡಿಯಲ್ಲಿದೆ. ನಮ್ಮವರಿಗೆ ಪೋಸ್ಟಾಫೀಸಿನ ವಿಷಯ ತಿಳಿದು ಎರಡು ದಿನ ಮಾತು ಬಿಟ್ಟಿದ್ದರು. ಗೋಡೆಯ ಮೇಲೆ ಚಿತ್ರ ನೋಡಿದ ಮರುದಿನ, 'ಇನ್ನೆಷ್ಟು ಬೇಕಂತ?' ಎಂದು ಅವರೇ ಕೇಳಿದರು. ಅಷ್ಟು ನಮ್ಮ ಹತ್ತಿರ ಇಲ್ಲ. ಚಿತ್ರವಿರುವ ಹಾರ್ಡ್ ಡಿಸ್ಕನ್ನು, ತನ್ನ ಮನೆಯ ಛಾವಣಿ ಸೋರುತ್ತದೆಂದು, ಹುಡುಗಿ ನನ್ನ ಬಳಿ ಬಿಟ್ಟುಹೋಗಿದ್ದಾಳೆ. ಅದು ನನ್ನ ಅಲಮಾರಿಯಲ್ಲಿ, ಮದುವೆಯ ಸೀರೆಯ ಕೆಳಗಿದೆ.

ಈ ವರ್ಷದ ಪ್ರತಿಭಾ ಕಾರಂಜಿಗೂ ನನ್ನನ್ನೇ ತೀರ್ಪುಗಾರಳಾಗಿ ಹಾಕಿದ್ದರು. ನಿವೃತ್ತಿಗೆ ಹತ್ತಿರವಾದವಳೆಂದು ಗೌರವ. ಅದೇ ಹಾಳೆ, ಅದೇ ಭಾಷಾ ಶುದ್ಧಿಯ ಕಾಲಂ. ಏಳನೆಯ ತರಗತಿಯ ಒಬ್ಬ ಹುಡುಗ ಎದ್ದು ನಿಂತು, 'ಅಕ್ಕೋರೆ, ನಮ್ಮ ಮನ್ಯಾಗ ಹೇಳಿದಂಗ ಹೇಳ್ಲೇನ್ರಿ, ಇಲ್ಲಾ ಪುಸ್ತಕದಾಗ ಇದ್ದಂಗ ಹೇಳ್ಲೇನ್ರಿ?' ಎಂದು ಕೇಳಿದ. ಪೆನ್ನಿನ ಟೋಪಿ ಹಾಕಿ ಪಕ್ಕಕ್ಕಿಟ್ಟು, ಮನೆಯಾಗ ಹೇಳಿದಂಗ ಹೇಳಪ್ಪ ಎಂದೆ.